ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮ ತಂದೆ ಧಾರವಾಡದ ಕಡೆಯವರು. ಯಶವಂತಪುರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಹುಟ್ಟಿ ಬೆಳೆದದ್ದು, ಓದಿದ್ದು, ಟೀಚರ್ ತರಬೇತಿ ಮುಗಿಸಿದ್ದು ಎಲ್ಲ ಅಲ್ಲಿಯೇ. ನಮ್ಮ ಮನೆತನದಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರವಿಡುತ್ತಾರೆ. ಗಂಡು ತನ್ನ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಸುತ್ತ ನಿಂತವರು ಓದಿ ಹೇಳುತ್ತಾರೆ, ಸಕ್ಕರೆ ಹಂಚುತ್ತಾರೆ, ಅಷ್ಟಕ್ಕೆ ಮುಗಿಯಿತು. ಯಾವ ಕಚೇರಿಗೂ ಹೋಗಬೇಕಾಗಿಲ್ಲ. ನಮ್ಮ ಅಮ್ಮನ ತವರಿನ ಹೆಸರು ಏನೆಂದು ನನಗೆ ಹೈಸ್ಕೂಲಿಗೆ ಬರುವವರೆಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಗೊತ್ತಾದ ಸಂಬಂಧ ಗಂಗಾನಗರದ ಅಂಚಿನ ಒಂದು ಹಳೆಯ ಮನೆಯದು. ಅವರು ಹೆಬ್ಬಾಳದ ಸುತ್ತಿನ ಮೂಲ ಹಳ್ಳಿಯ ಜನ. ಸುತ್ತ ಲೇಔಟುಗಳು ಏಳುತ್ತಿದ್ದರೂ ಅವರ ಹಿತ್ತಲಲ್ಲಿ ಇನ್ನೂ ಹುಲ್ಲಿನ ಬಣವೆ ಇತ್ತು, ಕೊಟ್ಟಿಗೆಯಲ್ಲಿ ಹಸುಗಳಿದ್ದವು. ಹುಡುಗ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಎರಡನೇ ಸಂಬಂಧ. ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ ಎಂದು ಅವರೇ ಹೇಳಿದ್ದರು. ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರು ಕೇಳಲಿಲ್ಲ. ಕೇಳುವುದು ಶುಭವಲ್ಲ ಎಂದುಕೊಂಡಿರಬೇಕು.

ಮಾತುಕತೆಯ ದಿನ ನನ್ನ ಅತ್ತೆಯಾಗುವವರು ಚಾಪೆಯ ಮೇಲೆ ಕೂತು ಅಪ್ಪನನ್ನು ಕೇಳಿದರು. "ನಿಮ್ ಕಡೆ ಎಣ್ಣಿನ ಎಸರು ಬದ್ಲಾಯಿಸ್ತಾರಂತೆ, ದಿಟವಾ?"

"ಹೌದ್ರಿ, ನಮ್ಮಲ್ಲಿ ಪದ್ಧತಿ ಐತಿ. ನಿಮಗ ಬ್ಯಾಡಂದ್ರ ಬಿಡೋಣು" ಎಂದರು ಅಪ್ಪ.

"ಬ್ಯಾಡ ಅನ್ನಾಕಿಲ್ಲ. ಎಸರು ಮಾತ್ರ ನಾನೇ ಏಳ್ತೀನಿ."

ಒಳಗೆ ಬಾಗಿಲ ಹಿಂದೆ ನಿಂತಿದ್ದ ನನ್ನ ತಂಗಿಯರು ನಕ್ಕರು. ಎಸರು ಎಂದರೆ ನಮಗೆ ಒಲೆಯ ಮೇಲೆ ಅನ್ನಕ್ಕಿಡುವ ನೀರು. ನನಗೂ ನಗು ಬಂದಿತ್ತು.

ಮದುವೆಯ ದಿನ ಅಕ್ಕಿಯ ತಟ್ಟೆ ಬಂದಾಗ ಇವರ ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿಯೇ ನಿಂತಿತು. ಅತ್ತೆ ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಇವರು ಯಾರನ್ನೂ ನೋಡದೆ ಬರೆದರು. ಮೂರು ಅಕ್ಷರದ, ಬಾಯಿಗೆ ಸಲೀಸಾದ ಹೆಸರು. ನನಗೆ ಇಷ್ಟವಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ಈ ಎರಡು ಹೆಸರುಗಳನ್ನೂ ಒಂದೇ ಹಾಳೆಯ ಮೇಲೆ ನೋಡುವುದು ನನಗೆ ಈಗಲೂ ಆಗಿಬರುವುದಿಲ್ಲ.

ಮನೆ ತುಂಬಿಸಿಕೊಳ್ಳುವಾಗ ಅತ್ತೆ ಆರತಿ ಎತ್ತಿ, ನನ್ನ ಮುಖ ತುಂಬ ಹೊತ್ತು ನೋಡಿ, "ಬಂದ್ಯಾ. ಬಾಳ ದಿವ್ಸ ಆಯ್ತಲ್ಲವ್ವ" ಎಂದರು. ಹೊಸ ಸೊಸೆಗೆ ಇವರ ಕಡೆ ಹೀಗೇ ಹೇಳುತ್ತಾರೇನೋ ಎಂದುಕೊಂಡು ನಾನು ತಲೆ ತಗ್ಗಿಸಿದೆ.

ಅತ್ತೆ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಂಡರು, ಅದನ್ನು ಮೊದಲು ಹೇಳಬೇಕು. ನನಗೆ ಬಿಸಿ ಮುದ್ದೆ ಸೇರದೆಂದು ಬೇರೆ ಅನ್ನ ಮಾಡಿಸುತ್ತಿದ್ದರು. ಪೆಟ್ಟಿಗೆಯಿಂದ ಒಂದಷ್ಟು ರವಿಕೆಗಳನ್ನು ತೆಗೆದು "ಆಕ್ಕೋ, ನಿಂದೇ ಅಲ್ವಾ" ಎಂದು ಕೊಟ್ಟರು. ನನ್ನ ಅಳತೆ ಯಾವಾಗ ತೆಗೆದುಕೊಂಡರೋ ಗೊತ್ತಿಲ್ಲ, ಒಂದು ಹೊಲಿಗೆ ಬಿಚ್ಚದೆ ಸರಿಹೋದವು. ಬಟ್ಟೆಯಲ್ಲಿ ಮಾತ್ರ ಪೆಟ್ಟಿಗೆಯಲ್ಲಿ ಬಹಳ ಕಾಲ ಇದ್ದ ವಾಸನೆ ಇತ್ತು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಗೇಟಿನಲ್ಲಿ ಯಾರೋ ನನ್ನ ಹೆಸರು, ಅಂದರೆ ಆ ಹೊಸ ಹೆಸರು, ಹಿಡಿದು ಕರೆದರು. ಹೊರಗೆ ಬಂದೆ. ಹೂವಿನ ಬುಟ್ಟಿ ಸೊಂಟಕ್ಕೇರಿಸಿಕೊಂಡ ಹೆಂಗಸು. ನಾನು ಅವಳನ್ನು ಹಿಂದೆಂದೂ ನೋಡಿರಲಿಲ್ಲ.

"ಒಂದು ಮೊಳ ಕೊಡಿ" ಎಂದೆ.

"ನಿನ್ನ ಕರೀಲಿಲ್ಲಮ್ಮ. ಈ ಮನೆ ಸೊಸೆನ ಕರ್ದೆ. ಎರಡು ವರ್ಷ ನಮ್ಮೂರಲ್ಲಿದ್ದೆ, ಮಗಳಿಗೆ ಹುಷಾರಿರಲಿಲ್ಲ. ಅವಮ್ಮ ಎಲ್ಲಿ? ಮಗು ಆಯ್ತಾ?"

"ನಾನೇ ಸೊಸೆ."

ಅವಳು ನಕ್ಕಳು. ಮತ್ತೆ ಆ ಹೆಸರು ಹೇಳಿ, ಸಣ್ಣಗೆ, ಎತ್ತರವಾಗಿ, ಗಲ್ಲದ ಮೇಲೆ ಮಚ್ಚೆ ಇರುವ ಹುಡುಗಿ ಎಂದು ಕೈಯಲ್ಲಿ ತೋರಿಸಿದಳು. "ನನ್ನ ಹೆಸರೂ ಅದೇ" ಎಂದೆ. ಅವಳ ನಗು ನಿಂತಿತು. ನನ್ನ ಮೈಮೇಲಿದ್ದ ರವಿಕೆಯನ್ನೊಮ್ಮೆ ನೋಡಿದಳು. ಹೂವು ಅಳೆಯದೆ ಬುಟ್ಟಿಯ ಮೇಲೆ ಬಟ್ಟೆ ಎಳೆದುಕೊಂಡು ಹೋದಳು. ಆಮೇಲೆ ನಮ್ಮ ಬೀದಿಗೆ ಬಂದರೂ ನಮ್ಮ ಗೇಟಿನ ಮುಂದೆ ಕೂಗುತ್ತಿರಲಿಲ್ಲ.

ಇವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹೋಗಿ ಕೇಳಿದೆ. "ರೀ, ಮೊದಲಿನವರ ಹೆಸರನ್ನೇ ನನಗೆ ಇಟ್ರಾ?"

ಇನ್ನೊಂದು ಹಿಡಿ ಹುಲ್ಲು ಎಳೆದು ಹಾಕಿದರು. "ಅವ್ವ ಹೇಳಿದ್ರು, ಬರ್ದೆ."

"ನಿಮಗೆ ಏನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಆದ್ರೆ ಅವಳು ಹೋದಾಗಿಂದ ಅವ್ವ ಸರಿಯಾಗಿ ಊಟ ಮಾಡ್ತಿರ್ಲಿಲ್ಲ. ಬರೀ ಹೆಸರು ತಾನೆ ಅಂದ್ಕೊಂಡೆ."

ನಿಧಾನವಾಗಿ ಎಲ್ಲ ಹೇಳಿದರು. ಅವಳು ಹೆರಿಗೆಗೆಂದು ದೊಡ್ಡಬಳ್ಳಾಪುರದ ಆಚೆಯ ತವರಿಗೆ ಹೋಗಿದ್ದಳು. ಕಾಮಾಲೆಯಾಗಿ ಹೆರಿಗೆಗೆ ಮೊದಲೇ ತೀರಿಕೊಂಡಳು. ಸುದ್ದಿ ಬಂದಾಗ ಇವರು ಹೋಗಿ ಮಣ್ಣು ಹಾಕಿ ಬಂದರು. ಅತ್ತೆ ಮಾತ್ರ ಹಸುಗಳನ್ನು ಬಿಟ್ಟು ಬರುವುದಿಲ್ಲ ಎಂದು ಹೋಗಲಿಲ್ಲ. ಯಾರಾದರೂ ಕೇಳಿದರೆ "ಸೊಸೆ ತೌರಿಗೋಗವ್ಳೆ" ಎನ್ನುತ್ತಿದ್ದರಂತೆ. ನಾನು ಬಂದ ಮೇಲೆ ಆ ಮಾತು ನಿಂತಿತು. ನಿಂತಿದ್ದು ಏಕೆಂದು ನನಗೆ ಆಗ ಅರ್ಥವಾಯಿತು.

ಹೆಸರು ಬದಲಿಸಿಕೊಂಡ ಹೆಂಗಸರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಖಾಲಿ ಹೆಸರನ್ನು ತೊಟ್ಟುಕೊಂಡು ಅದನ್ನು ತಾವೇ ತುಂಬಿಕೊಳ್ಳುತ್ತಾರೆ. ನನ್ನದು ಖಾಲಿ ಇರಲಿಲ್ಲ. "ಓದ್ ಮಳೆಗಾಲದಾಗೆ ನೀನೇ ನೆಟ್ಟಿದ್ದಲ್ವಾ ಈ ಕರಿಬೇವು" ಎನ್ನುತ್ತಿದ್ದರು ಅತ್ತೆ. ಆ ಗಿಡ ಆಗಲೇ ನನ್ನ ಭುಜದೆತ್ತರ ಇತ್ತು. ಮೊದಮೊದಲು "ಇಲ್ಲ ಅತ್ತೆ, ಅದು ನಾನಲ್ಲ" ಎಂದು ತಿದ್ದುತ್ತಿದ್ದೆ. ಅವರು ವಾದಿಸುತ್ತಿರಲಿಲ್ಲ. ಮಕ್ಕಳು ಸುಳ್ಳು ಹೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ ನಕ್ಕು ಒಳಗೆ ಹೋಗುತ್ತಿದ್ದರು. ಹಾಲಿನ ಲೆಕ್ಕ, ಹಬ್ಬದ ಅಡುಗೆ, ನೆಂಟರ ಮರ್ಯಾದೆ, ಯಾವುದರಲ್ಲೂ ಅವರ ಬುದ್ಧಿ ಮಸುಕಾಗಿರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಹೀಗೆ. ಕೊನೆಗೆ ತಿದ್ದುವುದು ಬಿಟ್ಟೆ. ಅಕ್ಕಪಕ್ಕದವರಿಗೆ ಆ ಹೆಸರು ಮೊದಲೇ ಬಾಯಲ್ಲಿತ್ತು. ರೇಷನ್ ಕಾರ್ಡಿನಲ್ಲಿ ಮೊದಲೇ ಇತ್ತು. ನನಗಾಗಿ ಯಾರೂ ಏನನ್ನೂ ಬದಲಿಸಬೇಕಾಗಿರಲಿಲ್ಲ.

ಒಮ್ಮೆ ಸಂಜಯನಗರದಿಂದ ಬಂದಿದ್ದ ಪರಿಚಯದವರು ಆ ಗಿಡ ನೋಡಿ, ಎಷ್ಟು ಸೊಗಸಾಗಿ ಬಂದಿದೆ ಎಂದರು. "ನಾನೇ ನೆಟ್ಟಿದ್ದು, ಮೊದಲು ಎರಡು ಸಲ ಒಣಗಿತ್ತು" ಎಂದೆ. ಆ ಗಿಡದ ಬುಡಕ್ಕೆ ನಾನು ಬೂದಿ ಹಾಕಿದ್ದು, ಒದ್ದೆ ಮಣ್ಣು ಉಗುರಿನ ಸಂದಿಗೆ ಸೇರಿದ್ದು, ಎಲ್ಲ ನನಗೆ ನೆನಪಿತ್ತು. ಅದನ್ನು ನೆಟ್ಟ ಮಳೆಗಾಲದಲ್ಲಿ ನಾನು ಯಶವಂತಪುರದಲ್ಲಿ ಪರೀಕ್ಷೆಗೆ ಓದುತ್ತಿದ್ದೆ.

ಅಪ್ಪ ಒಂದು ಮಧ್ಯಾಹ್ನ ಹೇಳದೆ ಬಂದರು. ಗೇಟಿನಲ್ಲಿ ನಿಂತು ನನ್ನನ್ನು ಚಿಕ್ಕಂದಿನಿಂದ ಕರೆಯುವ ಹೆಸರಿನಿಂದಲೇ ಕರೆದರಂತೆ. ನಾನು ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದೆ. ಯಾರೋ ಯಾರನ್ನೋ ಕರೆಯುತ್ತಿದ್ದಾರೆ ಎಂದು ಕೇಳಿಸಿತು. ಧ್ವನಿ ಪರಿಚಯದ್ದು ಎಂದೂ ಅನ್ನಿಸಿತು. ಏಳಲಿಲ್ಲ. ಅತ್ತೆ ಹೊರಗೆ ಹೋದರು.

"ಅಂತೋರು ಯಾರೂ ಇಲ್ಲಿಲ್ವಲ್ಲ" ಎಂದದ್ದು ಕೇಳಿಸಿತು.

"ಏನ್ ಮಾತಾಡ್ತೀರಿ? ನನ್ನ ಮಗಳು ರೀ" ಎಂದರು ಅಪ್ಪ. ಆಗ ಎದ್ದು ಓಡಿದೆ. ಅಪ್ಪ ಗೇಟಿನ ಚಿಲಕ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕರದ್ರ ಓ ಅನ್ನಬೇಕವ್ವಾ" ಎಂದರು. ಅಂದು ಅವರು ಕಾಫಿ ಅರ್ಧಕ್ಕೆ ಬಿಟ್ಟು ಹೋದರು.

ಅದಾದ ಮೇಲೆ ನಾನು ಕೆಲಸಕ್ಕೆ ಸೇರಬೇಕೆಂದು ಹಟ ಹಿಡಿದೆ. ಆರ್.ಟಿ. ನಗರದ ಒಂದು ಶಾಲೆಯಲ್ಲಿ ಸಿಕ್ಕಿತು. ನನ್ನ ಸರ್ಟಿಫಿಕೇಟುಗಳೆಲ್ಲ ಹುಟ್ಟಿನ ಹೆಸರಿನಲ್ಲಿದ್ದವು, ಹಾಗಾಗಿ ಅಲ್ಲಿ ನಾನು ನಾನೇ. ಬೆಳಿಗ್ಗೆ ಆ ಹೆಸರಿನವಳಾಗಿ ಮನೆ ಬಿಡುತ್ತಿದ್ದೆ. ದಾರಿಯಲ್ಲಿ ಸೈಟು ಅಳೆದು ನೆಟ್ಟ ಕಲ್ಲುಗಳ ಒಂದು ಬಯಲು ಸಿಗುತ್ತಿತ್ತು. ಯಲಹಂಕದ ಕಡೆಯಿಂದ ತರಬೇತಿಯ ವಿಮಾನಗಳು ಅದರ ಮೇಲೆ ಕೆಳಗೇ ಹಾದುಹೋಗುತ್ತಿದ್ದವು. ಆ ಬಯಲಿನಲ್ಲಿ ನಡೆಯುವಷ್ಟು ಹೊತ್ತು ನನಗೆ ಯಾವ ಹೆಸರೂ ಇಲ್ಲ ಅನ್ನಿಸುತ್ತಿತ್ತು. ಅದೇನೂ ಕೆಟ್ಟದಾಗಿರಲಿಲ್ಲ. ಇವರು ನನ್ನನ್ನು ಎರಡು ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಆಗಿನ ಗಂಡಸರಂತೆ "ಲೇ, ಇವಳೇ" ಎನ್ನುತ್ತಿದ್ದರು. ಹಾಗಾಗಿ ಅವರಿಗೆ ಯಾವ ತೊಂದರೆಯೂ ಆಗಲಿಲ್ಲ.

ಮಗಳು ಹುಟ್ಟಿದಾಗ ಆಸ್ಪತ್ರೆಗೆ ಸೇರಿಸಿದ್ದು ಅತ್ತೆ. ಹೆರಿಗೆಯಾದ ಮೇಲೆ ನರ್ಸ್ ಮಗುವನ್ನೆತ್ತಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತು ಆ ಹೆಸರು ಕೂಗಿದಳು. "ನಾನೇ" ಎಂದು ಕೈಚಾಚಿದೆ. ಮಗುವನ್ನು ಕೊಟ್ಟಳು. ಜನನದ ದಾಖಲೆಯಲ್ಲಿ ತಾಯಿಯ ಹೆಸರೂ ಅದೇ ಆಯಿತು. ಬರೆಸುವಾಗ ನಾನು ಬೇಡವೆನ್ನಲಿಲ್ಲ. ಮೈ ಸೋತಿತ್ತು. ಅತ್ತೆ ಮಾತ್ರ ಮಗುವಿನ ಕಾಲು ಸವರುತ್ತಾ ನನಗೆ, "ಅಂತೂ ಮಗೀನ ಕರ್ಕೊಂಡು ಬಂದೆ ಕಣವ್ವ. ನಿಮ್ಮಮ್ಮನ ಮನೇಲಿ ಎಷ್ಟು ದಿವ್ಸ ಇಟ್ಕೊಂಡ್ರು" ಎಂದರು. ಪಕ್ಕದ ಹಾಸಿಗೆಯವಳು ನನ್ನನ್ನು ನೋಡಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಮಗಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ನಾನು ಪಾಠ ಮಾಡುವ ಶಾಲೆಗೇ ಸೇರಿಸಬೇಕು. ಅಲ್ಲಿ ನನ್ನ ಹೆಸರು ಒಂದು, ಮಗುವಿನ ತಾಯಿಯ ಹೆಸರು ಇನ್ನೊಂದು. ಮುಖ್ಯೋಪಾಧ್ಯಾಯಿನಿ ಸುಲಭವಾಗಿ ಹೇಳಿದರು. "ಅದಕ್ಕೇನ್ರೀ, ಮದ್ವೆ ಆದ್ಮೇಲೆ ಎಲ್ಲರ ಹೆಸರೂ ಬದ್ಲಾಗುತ್ತೆ. ಒಂದು ಅಫಿಡವಿಟ್ ಮಾಡ್ಸಿ, ಪೇಪರಲ್ಲಿ ಹಾಕ್ಸಿ. ಅಷ್ಟೇ."

ಇವರೂ ನಾನೂ ಕೋರ್ಟಿನ ಹತ್ತಿರ ಹೋದೆವು. ಮರದ ಕೆಳಗೆ ಟೈಪಿಸ್ಟುಗಳು ಸಾಲಾಗಿ ಕೂತಿದ್ದರು. ಒಬ್ಬ ನನ್ನ ಎರಡೂ ಹೆಸರು ಕೇಳಿ, ತಲೆ ಎತ್ತದೆ ಟೈಪ್ ಮಾಡಿ, ಸಹಿ ಹಾಕುವ ಮೊದಲು ಓದಿಕೊಳ್ಳಿ ಎಂದು ಕೊಟ್ಟ. ಮೇಲ್ಕಂಡ ಎರಡೂ ಹೆಸರುಗಳು ಒಬ್ಬ ವ್ಯಕ್ತಿಗೇ ಸೇರಿದ್ದು, ಆ ವ್ಯಕ್ತಿ ನಾನೇ ಎಂದು ಪ್ರಮಾಣ ಮಾಡುತ್ತೇನೆ ಎಂದಿತ್ತು.

"ಇದನ್ನ ಬೇರೆ ಥರ ಬರೆಯೋಕಾಗಲ್ವಾ?"

"ಎಲ್ಲರಿಗೂ ಹಿಂಗೇ ಬರೆಯೋದಮ್ಮ. ಇಬ್ಬರಿದ್ದಾರಾ ಮತ್ತೆ?" ಎಂದು ಅವನು ನಕ್ಕ.

ಪೆನ್ನು ಕೈಯಲ್ಲಿತ್ತು. ಸಹಿ ಹಾಕಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅದಕ್ಕೆ ಸಹಿ ಹಾಕಿದರೆ ಅವಳು ಎಂದೂ ಇರಲೇ ಇಲ್ಲ ಎಂದಾಗುತ್ತಿತ್ತು. ಅವಳು ಬಾಳಿದ್ದು, ಬಸುರಾದದ್ದು, ಸತ್ತದ್ದು, ಎಲ್ಲ ನಾನೇ. ನನಗೆ ಎಷ್ಟು ಭಯವಾಯಿತೆಂದರೆ ಇವರ ಕೈ ಹಿಡಿದುಕೊಂಡೆ. ಹಾಗೆ ಹೊರಗೆ, ಜನರ ಮುಂದೆ, ನಾನು ಕೈ ಹಿಡಿದವಳಲ್ಲ. ಇವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು "ನಡಿ" ಎಂದರು.

ಜನನ ದಾಖಲೆಯ ಕಚೇರಿಯಲ್ಲಿ, ಅಕ್ಷರ ತಪ್ಪಾಗಿದ್ದರೆ ತಿದ್ದಬಹುದು, ತಾಯಿಯೇ ಬೇರೆ ಎಂದರೆ ಕೋರ್ಟಿನಿಂದ ಆದೇಶ ತನ್ನಿ ಎಂದರು. ಸಂಜಯನಗರದ ಒಬ್ಬ ವಕೀಲರನ್ನು ಕಂಡೆವು. ವಯಸ್ಸಾದವರು, ಆತುರವಿಲ್ಲದವರು. ಪೂರ್ತಿ ಕೇಳಿಸಿಕೊಂಡರು.

"ನೀವು ಹೆಸರು ಬದಲಾಯಿಸ್ಕೊಳ್ಳೋಕೆ ಬಂದಿಲ್ಲಮ್ಮ. ಕಾನೂನಿನಲ್ಲಿ ನಿಮ್ಮ ಹೆಸರು ಬದಲಾಗೇ ಇಲ್ಲ. ಅಕ್ಕಿ ಮೇಲೆ ಬರೆದದ್ದನ್ನ ಅಳಿಸೋಕೆ ಕೋರ್ಟ್ ಬೇಕಿಲ್ಲ. ನೀವು ತೋರಿಸ್ಬೇಕಾಗಿರೋದು ಇಬ್ಬರಿದ್ರು ಅಂತ. ಅವರು ತೀರಿಕೊಂಡಿದ್ದನ್ನ ಎಲ್ಲಾದ್ರೂ ಬರೆಸಿದ್ದಾರಾ?"

ಇಲ್ಲ ಎಂದರು ಇವರು.

"ಹಂಗಿದ್ರೆ ನೋಡಿದವರು ಬಂದು ಹೇಳ್ಬೇಕು. ಗಂಡ ಒಬ್ಬರು ಹೇಳಿದ್ರೆ ಸಾಲದು. ಆಕೆ ತಾಯಿ ಇದ್ದಾರಾ?"

ಇದ್ದರು. ಇವರು ಹೋಗಿ ಕೇಳಿಕೊಂಡರು. ಸಾಕ್ಷಿಯ ಹಿಂದಿನ ದಿನ ಮಧ್ಯಾಹ್ನ ಆಕೆ ಬಂದರು. ಸಣ್ಣಗೆ, ಎತ್ತರವಾಗಿದ್ದರು. ಚಪ್ಪಲಿ ಬಿಟ್ಟು ಪಡಸಾಲೆಯ ಕಂಬಕ್ಕೊರಗಿ ಕೂತರು. ಮಗಳು ಸತ್ತ ಮೇಲೆ ಆ ಮನೆಗೆ ಅದೇ ಮೊದಲ ಸಲ ಬಂದದ್ದು. ನಾನು ನೀರು ಕೊಟ್ಟಾಗ ಕುಡಿಯದೆ ಹಿಡಿದುಕೊಂಡೇ ಇದ್ದರು. ಆಗ ಅತ್ತೆ ಕೊಟ್ಟಿಗೆಯಿಂದ ಒಳಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೇಳಿದರು.

"ಯಾಕ್ ಅಷ್ಟ್ ದಿವ್ಸ ಕಳಿಸ್ನಿಲ್ಲ ಅವ್ಳನ್ನ?"

ಆಕೆ ಲೋಟ ಕೆಳಗಿಟ್ಟರು. "ಕಳ್ಸಾಕೆ ಎಲ್ಲವ್ಳೆ ಕಣವ್ವ."

"ಇಲ್ಲೇ ಅವ್ಳೆ ನೋಡು" ಎಂದು ಅತ್ತೆ ನನ್ನನ್ನು ತೋರಿಸಿದರು.

ಆಕೆ ಎದ್ದು ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಹೌದು ಎಂದುಬಿಡುತ್ತಾರೇನೋ ಎಂದು ನಿಜವಾಗಿಯೂ ಹೆದರಿದ್ದೆ. ಆಕೆ ನನ್ನ ಗಲ್ಲದ ಮೇಲೆ ಹೆಬ್ಬೆರಳಾಡಿಸಿ, ಕೈಬಿಟ್ಟು, ಅತ್ತೆಗೆ ಮೆಲ್ಲಗೆ ಹೇಳಿದರು. "ನೀನು ಅವತ್ತೇ ಬಂದು ನೋಡ್ಬೇಕಾಗಿತ್ತು."

ಅತ್ತೆ ಮತ್ತೆ ಕೊಟ್ಟಿಗೆಗೆ ಹೋದರು. ಕತ್ತಲಾಗುವವರೆಗೂ ಬರಲಿಲ್ಲ.

ಮರುದಿನ ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಆಕೆ ನನ್ನ ಪಕ್ಕದಲ್ಲಿ ಕೂತಿದ್ದರು. ನಮ್ಮ ಸರದಿ ಬಂದಾಗ ಜವಾನ ಬಾಗಿಲಿಗೆ ಬಂದು, ಕೈಯಲ್ಲಿದ್ದ ಚೀಟಿ ನೋಡಿಕೊಂಡು ನನ್ನ ಹೆಸರು ಕೂಗಿದ. ವಕೀಲರು ದಾಖಲೆಗೆಂದು ಇನ್ನೊಂದು ಹೆಸರನ್ನೂ ಬರೆದಿದ್ದರು. ಅವನು ಅದನ್ನೂ ಕೂಗಿದ. ಕೂಗುವುದೇ ಅವನ ಕೆಲಸ, ಮೂರು ಸಲ ಕೂಗಿದ, ಉದ್ದವಾಗಿ ಎಳೆದು. ಮೊದಲ ಸಲವೇ ನಾನು ಎದ್ದು ನಿಂತಿದ್ದೆ. ಆದರೆ ಆಕೆ ನನ್ನ ಕಡೆ ನೋಡಲಿಲ್ಲ. ಎರಡನೆಯ ಸಲ ಕೂಗಿದಾಗ ಕಾರಿಡಾರಿನ ಆ ತುದಿಗೆ, ಮೆಟ್ಟಿಲಿನ ಕಡೆಗೆ ತಿರುಗಿದರು. ಮೂರನೆಯ ಸಲವೂ ಅಲ್ಲೇ ನೋಡುತ್ತಿದ್ದರು. ನಾನೂ ನೋಡಿದೆ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಬಿಳಿ ಸೀರೆಯ ಹೆಂಗಸೊಬ್ಬಳು ಅರ್ಧ ಹತ್ತಿ ನಿಂತು, ಯಾರೋ ಕರೆದರೆಂಬಂತೆ ಸುತ್ತ ನೋಡಿ, ಮತ್ತೆ ಇಳಿದುಹೋದಳು. ಯಾರೋ ಏನೋ. ಆ ತಾಯಿಯ ಕೈ ನನ್ನ ಮೊಣಕೈ ಹಿಡಿದಿತ್ತು. ಆ ಹಿಡಿತದ ತಣುಪು ನಾವು ಒಳಗೆ ಹೋದ ಮೇಲೂ ಬಿಡಲಿಲ್ಲ.

ಕಟಕಟೆಯಲ್ಲಿ ನಿಂತ ಆಕೆಯನ್ನು ನ್ಯಾಯಾಧೀಶರು ಕೇಳಿದರು. "ನಿಮ್ಮ ಮಗಳು ಈಗ ಎಲ್ಲಿದ್ದಾಳೆ?"

"ನಮ್ ಒಲದಲ್ಲವ್ಳೆ ಸ್ವಾಮಿ."

ಟೈಪ್ ಮಾಡುತ್ತಿದ್ದವರ ಕೈ ನಿಂತಿತು. ನ್ಯಾಯಾಧೀಶರು ಕನ್ನಡಕ ತೆಗೆದರು. "ಹೊಲದಲ್ಲಿ ಕೆಲಸ ಮಾಡ್ತಾಳಾ?"

"ಇಲ್ಲ ಸ್ವಾಮಿ. ಉಣಸೆ ಮರದ ಕೆಳಗೆ ಮಣ್ ಮಾಡಿದ್ದೀವಿ. ಒಟ್ಟೇಲಿ ಮಗೀನೂ ಅಂಗೇ ಇತ್ತು."

"ಇಲ್ಲಿ ನಿಂತಿರೋರು ಯಾರು?"

ಆಕೆ ನನ್ನನ್ನು ನೋಡಿದರು. "ಇವ್ಳು ಬ್ಯಾರೆ. ಇವ್ಳು ನನ್ ಮಗ್ಳಲ್ಲ."

ಅದನ್ನು ಕೇಳುವುದಕ್ಕಾಗಿಯೇ ನಾನು ಅಲ್ಲಿಗೆ ಬಂದಿದ್ದೆ. ಕೇಳಿದಾಗ ಮನೆಯಿಂದ ಹೊರಗೆ ಹಾಕಿದಂತೆ ಅನ್ನಿಸಿತು.

ಆದೇಶ ನಮ್ಮ ಪರವಾಗಿ ಬಂತು. ಮಗಳ ದಾಖಲೆಯಲ್ಲಿ ನನ್ನ ಹೆಸರು ಬಂತು. ರೇಷನ್ ಕಾರ್ಡಿನಲ್ಲಿ ಒಂದು ಗೆರೆ ಎಳೆದರು. ಅತ್ತೆಗೆ ನಾವು ಯಾರೂ ಏನೂ ಹೇಳಲಿಲ್ಲ, ಆದರೆ ಅವರಿಗೆ ತಿಳಿಯಿತು. ಅಲ್ಲಿಯವರೆಗೆ ಪ್ರತಿ ಶನಿವಾರ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದವರು ಆಮೇಲೆ ಹಚ್ಚಲಿಲ್ಲ. ಸಿಟ್ಟಿರಲಿಲ್ಲ. ಬೇರೆ ಮನೆಯಿಂದ ಬಂದ ಹೆಂಗಸಿನ ಜೊತೆ ಇರುವ ಹಾಗೆ ಮರ್ಯಾದೆಯಿಂದ ಇದ್ದರು. ಕರೆಯಬೇಕಾದರೆ "ಮಗೀನವ್ವ" ಎನ್ನುತ್ತಿದ್ದರು. ನನ್ನ ಹೆಸರನ್ನು ಅವರ ಬಾಯಲ್ಲಿ ನಾನು ಕೊನೆಯವರೆಗೂ ಕೇಳಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ, "ಮಗೀನವ್ವ, ನನ್ನ ಅಲ್ಲಿಗೆ ಕರ್ಕೊಂಡೋಗು" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಇವರಿಗೆ ಕಾರ್ಖಾನೆಯಲ್ಲಿ ರಜೆ ಇರಲಿಲ್ಲ. ಮಗಳನ್ನೂ ಕರೆದುಕೊಂಡು ನಾವು ಮೂವರೇ ಬಸ್ಸಿನಲ್ಲಿ ಹೋದೆವು.

ರಾಗಿ ಕೊಯ್ದ ಹೊಲ. ಹುಣಸೆ ಮರದ ಕೆಳಗೆ ಗುರುತಿಗೆ ಇಟ್ಟಿದ್ದ ಕಲ್ಲೂ ನೇಗಿಲಿಗೆ ಸರಿದುಹೋಗಿತ್ತು. ಇಲ್ಲೇ ಇರಬೇಕು ಎಂದು ಆ ತಾಯಿ ತೋರಿಸಿದರು. ಅತ್ತೆ ಆ ಜಾಗದಲ್ಲಿ ಕೂರಲಿಲ್ಲ, ಕೈ ಮುಗಿಯಲಿಲ್ಲ. ಹೊಲದ ಕಡೆ ಮುಖ ಮಾಡಿ ನಿಂತು, ಸಂಜೆಗೆ ಸೊಸೆಯನ್ನು ಮನೆಯೊಳಗೆ ಕರೆಯುವ ಧ್ವನಿಯಲ್ಲಿ ಆ ಹೆಸರು ಕೂಗಿದರು. ಒಂದೇ ಸಲ. ಕೂಗಿ ಕಿವಿಗೊಟ್ಟು ನಿಂತರು.

ನನ್ನ ಗಂಟಲಿನವರೆಗೆ ಓ ಬಂದಿತ್ತು. ಇಷ್ಟು ವರ್ಷದ ಅಭ್ಯಾಸ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮಗಳು ನನ್ನ ಕೈ ಜಗ್ಗಿ "ಅಜ್ಜಿ ಯಾರನ್ನ ಕರೀತಿದ್ದಾರೆ?" ಎಂದಳು. ಗಾಳಿ ಇರಲಿಲ್ಲ. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅತ್ತೆ ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ಅವರ ಮುಖ ಮಾತ್ರ ಯಾರದೋ ಮಾತನ್ನು ಪೂರ್ತಿ ಕೇಳಿಸಿಕೊಂಡವರ ಮುಖದಂತೆ ಸಡಿಲವಾಯಿತು.

"ಬರಾಕಿಲ್ವಂತೆ" ಎಂದರು. "ನಡೀರಿ, ಬಸ್ಸು ತಪ್ಪೋಯ್ತದೆ."

ಯಾರು ಹಾಗೆಂದರು ಎಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು, ಯಲಹಂಕ ಬರುವಷ್ಟರಲ್ಲಿ ನಿದ್ದೆ ಹೋದರು. ಅಂದು ರಾತ್ರಿ ತಾವಾಗಿಯೇ ಕೇಳಿ ಎರಡು ಮುದ್ದೆ ಉಂಡರು.